ಕಲ್ಲಿನ ಹಿಟ್ಟಿನ ನೀರು

ಮೊದಲ ಬೇಸಿಗೆಯಲ್ಲಿ ನಾವು ಹಿಮನದಿಗೆ ಅಡ್ಡವಾಗಿ, ಈ ದಂಡೆಯಿಂದ ಆ ದಂಡೆಯವರೆಗೆ ನೇರ ಸಾಲಿನಲ್ಲಿ ಕಲ್ಲುಗಳನ್ನಿಟ್ಟು, ಅವಕ್ಕೆ ಕೆಂಪು ಪೇಂಟ್ ಬಳಿದು ಬಂದಿದ್ದೆವು. ಮರುವರ್ಷ ಜುಲೈಯಲ್ಲಿ ಹೋಗಿ ನೋಡಿದರೆ ಸಾಲು ಬಿಲ್ಲಿನಂತೆ ಬಾಗಿತ್ತು. ಅಂಚಿನ ಕಲ್ಲುಗಳು ಹೆಚ್ಚುಕಡಿಮೆ ಇಟ್ಟಲ್ಲೇ ಇದ್ದವು. ನಡುವಿನದ್ದು ಕಣಿವೆಯ ಕೆಳಕ್ಕೆ ಮೂವತ್ತು ಹೆಜ್ಜೆ ಹೋಗಿತ್ತು. ಮಂಗಳೂರಿನ ಸೆಕೆಯಲ್ಲಿ ಬೆಳೆದ ನನಗೆ ಮಂಜುಗಡ್ಡೆ ಎಂದರೆ ಬಂದರಿನ ದಕ್ಕೆಯಲ್ಲಿ ಮೀನಿನ ಪೆಟ್ಟಿಗೆಯ ಮೇಲೆ ಸುರಿಯುವ ಚೂರು, ಅಷ್ಟೆ. ಅದು ನಡೆಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ, ತರಗತಿಯಲ್ಲಿ ಪಾಠವನ್ನೂ ಮಾಡಿದ್ದೆ. ಆದರೆ ನಿಜವಾಗಿ ನಂಬಿದ್ದು ಆ ದಿನ.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಉತ್ತರದ ಒಂದು ಸಂಸ್ಥೆ ಹಿಮಾಚಲದ ಹಿಮನದಿಯೊಂದನ್ನು ಅಳೆಯಲು ತಂಡ ಕಟ್ಟಿತ್ತು. ಕಲ್ಲು, ಮಣ್ಣು, ಮರಳಿನ ಭಾಗ ನಮ್ಮ ಕಾಲೇಜಿನ ಭೂವಿಜ್ಞಾನ ವಿಭಾಗದ ಪಾಲಿಗೆ ಬಂತು. ಸಮುದ್ರದ ಬದಿಯವರಿಗೆ ಹಿಮನದಿ ಯಾಕೆ ಎಂದು ಎಲ್ಲರೂ ತಮಾಷೆ ಮಾಡಿದರು. ಕಾರಣ ಸರಳವಾಗಿತ್ತು. ಕೂಳೂರು ಸೇತುವೆಯ ಕೆಳಗಿನ ಹೊಳೆಯ ಮರಳನ್ನು ವರ್ಷಗಟ್ಟಲೆ ಜರಡಿ ಹಿಡಿದ ಲ್ಯಾಬ್ ನಮ್ಮದು, ಮತ್ತು ಅಲ್ಲಿ ತಾತ್ಕಾಲಿಕ ಉಪನ್ಯಾಸಕನಾಗಿದ್ದ ನನಗೆ ಪಿಎಚ್.ಡಿ.ಗೊಂದು ವಿಷಯ ಬೇಕಿತ್ತು. ಅದು ಮುಗಿದರೆ ಕೆಲಸ ಖಾಯಂ ಆಗುತ್ತದೆ ಎಂದು ವಿಭಾಗದ ಮುಖ್ಯಸ್ಥರು ಹೇಳಿದ್ದರು.

ಹಿಮನದಿ ಎರಡು ಬಗೆಯಲ್ಲಿ ನಡೆಯುತ್ತದೆ. ತನ್ನದೇ ಭಾರಕ್ಕೆ ಒಳಗಿನ ಮಂಜು ಮೆತ್ತಗಾಗಿ ಬಾಗುತ್ತ ನಿಧಾನವಾಗಿ ಹರಿಯುತ್ತದೆ. ಜೊತೆಗೆ, ತಳದಲ್ಲಿ ಕರಗಿದ ತೆಳುವಾದ ನೀರಿನ ಮೇಲೆ ಇಡೀ ಗಡ್ಡೆಯೇ ಜಾರುತ್ತದೆ. ಬಂಡೆಗೆ ಉಜ್ಜಿಕೊಂಡಿರುವ ಅಂಚು ಹಿಂದೆ ಬೀಳುತ್ತದೆ, ನಡು ಮುಂದೆ ಹೋಗುತ್ತದೆ. ಮಂಜಿನಲ್ಲಿ ತೂತು ಕೊರೆದು ಬಿದಿರಿನ ಗಳ ನೆಟ್ಟು, ಬದಿಯ ಬಂಡೆಯ ಮೇಲಿನ ಎರಡು ಗುರುತುಗಳಿಂದ ಥಿಯೊಡೊಲೈಟ್ ಹಿಡಿದು ಕೋನ ಓದುವುದು ಬೆಳಗಿನ ಕೆಲಸ. ಹತ್ತು ಗಂಟೆಯ ಮೇಲೆ ಬಿಸಿಲಿಗೆ ಗಾಳಿ ನಡುಗಿ ಗಳವೂ ನಡುಗಿದಂತೆ ಕಾಣುತ್ತಿತ್ತು. ಆಮೇಲಿನ ಓದು ಉಪಯೋಗಕ್ಕಿಲ್ಲ.

ನನ್ನ ಪ್ರಶ್ನೆ ಬೇರೆ ಇತ್ತು. ಹಿಮನದಿ ಹೊರುವ ಸಾಮಾನೂ ಎರಡು ಬಗೆಯದು. ಮೇಲಿನ ಬೆಟ್ಟದಿಂದ ಉದುರಿದ ಕಲ್ಲು ಮಂಜಿನ ಬೆನ್ನ ಮೇಲೆ ಕೂತು ಪುಕ್ಕಟೆ ಸವಾರಿ ಮಾಡುತ್ತದೆ. ಅದರ ಮೂಲೆಗಳು ಕೊನೆಯವರೆಗೂ ಚೂಪಾಗಿಯೇ ಇರುತ್ತವೆ. ತಳದಲ್ಲಿ ಸಿಕ್ಕಿಬಿದ್ದ ಕಲ್ಲಿನ ಪಾಡು ಹಾಗಲ್ಲ. ಅದು ಬಂಡೆಯ ಮೇಲೆ ಎಳೆದಾಡಿಸಿಕೊಂಡು, ಗೀರು ಬಿದ್ದು, ಅರೆದುಹೋಗಿ, ಕೊನೆಗೆ ಮುಟ್ಟಿದರೆ ಬೆರಳಿಗೂ ತಿಳಿಯದಷ್ಟು ನುಣ್ಣನೆಯ ಹಿಟ್ಟಾಗುತ್ತದೆ. ಹಿಮನದಿಯ ಬಾಯಿಯಿಂದ ಹೊರಡುವ ನೀರು ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಿರುವುದು ಈ ಹಿಟ್ಟಿನಿಂದ. ಹೊಳೆಯಾದರೆ ಕಲ್ಲನ್ನು ಒಂದು ಕಡೆ, ಮರಳನ್ನು ಒಂದು ಕಡೆ ಬಿಡುತ್ತದೆ. ಹಿಮನದಿಗೆ ಆ ಶಿಸ್ತಿಲ್ಲ. ಬಂಡೆ, ಜಲ್ಲಿ, ಹಿಟ್ಟು ಎಲ್ಲವನ್ನೂ ಒಟ್ಟಿಗೆ ತಂದು ರಾಶಿ ಹಾಕುತ್ತದೆ. ಆ ರಾಶಿಯ ದಿಬ್ಬಕ್ಕೆ ಮೊರೇನ್ ಎನ್ನುತ್ತಾರೆ. ಅದರ ಸಾಮಾನು ಬೆನ್ನ ಮೇಲೆ ಬಂದದ್ದೋ ತಳದಲ್ಲಿ ಬಂದದ್ದೋ ಎಂದು ಹೇಳಬೇಕಾದರೆ ಅದರಲ್ಲಿ ಹಿಟ್ಟು ಎಷ್ಟಿದೆ ಎಂದು ನೋಡಬೇಕು. ಹಿಟ್ಟು ಹೆಚ್ಚಿದ್ದರೆ ತಳದ್ದು. ನನ್ನ ಪ್ರಬಂಧ ಇಡೀ ಆ ಹಿಟ್ಟಿನ ಮೇಲೆ ನಿಂತಿತ್ತು.

ಎರಡು ಬೇಸಿಗೆ ಸೇರಿ ಮೂವತ್ತಾರು ಚೀಲ ತುಂಬಿದೆ. ಮಳೆ ತೊಳೆದ ಮೇಲ್ಪದರ ಬೇಡವೆಂದು ಪ್ರತಿ ಕಡೆಯೂ ಒಂದು ತೋಳಿನ ಆಳ ಅಗೆದು, ಒಂದು ಕಿಲೋದಷ್ಟು ಎತ್ತಿ, ಎರಡು ಪದರದ ಬಟ್ಟೆ ಚೀಲಕ್ಕೆ ಹಾಕಿ, ನಂಬರ್ ಬರೆದ ಬಟ್ಟೆಯ ಚೀಟಿಯನ್ನು ಬಾಯಿಗೆ ಕಟ್ಟುತ್ತಿದ್ದೆ. ಒಂದು ಚೀಲಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಉಗುರು ಎರಡು ಸಲ ಕಿತ್ತುಹೋಯಿತು. ಚೀಲಗಳು ಹೇಸರಗತ್ತೆಯ ಮೇಲೆ, ಬಸ್ಸಿನ ಟಾಪಿನ ಮೇಲೆ, ಎರಡು ರೈಲುಗಳ ಪಾರ್ಸೆಲ್ ಡಬ್ಬಿಯಲ್ಲಿ ಕೂತು ಸೆಪ್ಟೆಂಬರ್ ಕೊನೆಗೆ ಮಂಗಳೂರು ಮುಟ್ಟಿದವು. ನಾನೂ ಅದೇ ಗಾಡಿಯಲ್ಲಿ ಬಂದಿಳಿದೆ.

ಸ್ಟೇಷನ್ನಿಗೆ ನಮ್ಮ ಲ್ಯಾಬಿನ ಅಟೆಂಡರ್ ಕೈಗಾಡಿ ಮಾಡಿಕೊಂಡು ಬಂದಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಕೂಳೂರಿನವರು. ಅವರ ಮನೆಯವರೆಲ್ಲ ಹೊಳೆಯಲ್ಲಿ ಮರಳಿನ ದೋಣಿ ನಡೆಸುವವರು. ಇವರೊಬ್ಬರು ಪ್ಯಾಂಟು ಹಾಕಿ ಕಾಲೇಜಿಗೆ ಬಂದಿದ್ದರು. ಒಂಬತ್ತು ವರ್ಷ ದುಡಿದಿದ್ದರೂ ಅವರದೂ ನನ್ನ ಹಾಗೆ ತಾತ್ಕಾಲಿಕ ಕೆಲಸ, ಅವರ ಫೈಲೂ ಖಾಯಮಿಗೆ ಕಾಯುತ್ತಿತ್ತು. ಮರಳು ತೊಳೆಯುವ ಕ್ರಮ ಅವರಿಗೆ ಕಲಿಸಿದ್ದು ನಾನು. ಹೊಳೆಯ ಮಾದರಿಯನ್ನು ಬಕೆಟಿನಲ್ಲಿ ನೆನೆಹಾಕಿ, ಕಲಕಿ, ಕೆಸರು ನೀರನ್ನು ಚೆಲ್ಲಿ, ನೀರು ತಿಳಿಯಾಗುವವರೆಗೆ ಹಾಗೆಯೇ ಮಾಡಿ, ಒಣಗಿಸಿ ಜರಡಿಗೆ ಹಾಕುವುದು. ಕೂಳೂರಿನ ಕೆಸರಿನಲ್ಲಿ ಸಮುದ್ರದ ಉಪ್ಪಿರುತ್ತದೆ. ಉಪ್ಪಿಗೆ ಕೆಸರು ಗಂಟುಕಟ್ಟಿ ಬೇಗ ತಳಕ್ಕೆ ಕೂರುತ್ತದೆ. ನಾಲ್ಕು ಸಲ ತೊಳೆದರೆ ಆಯಿತು.

ಚೀಲ ಇಳಿಸುವಾಗ ಅವರು ಒಂದನ್ನು ಕೈಯಲ್ಲಿ ತೂಗಿ ನೋಡಿ, "ಇದು ಗಂಗೆ ಹುಟ್ಟುವ ಕಡೆಯ ಮಣ್ಣಾ ಸಾರ್?" ಎಂದು ಕೇಳಿದರು.

"ಗಂಗೆ ಅಲ್ಲ, ಆಚೆಯ ಬೆಟ್ಟದ್ದು. ಜಾಗ್ರತೆ ಮಾರಾಯ್ರೆ, ಎರಡು ವರ್ಷದ ಬೆವರು ಉಂಟು ಇದರಲ್ಲಿ."

"ನೀವು ಎಂತ ಹೆದರುವುದು ಬೇಡ. ನಾನು ನೋಡಿಕೊಳ್ತೇನೆ."

ಇಷ್ಟೇ ಮಾತು. ಇದನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣ ಮುಂದೆ ಬರುತ್ತದೆ. ಚೀಲಗಳನ್ನು ತೊಳೆಯಬೇಡಿ ಎಂದು ನಾನು ಹೇಳಲಿಲ್ಲ. ಮರುದಿನ ಲ್ಯಾಬಿಗೆ ಹೋಗಿ ಕೂತು ಹೇಳಿದರಾಯಿತು ಎಂದುಕೊಂಡಿದ್ದೆ.

ಬಿಜೈಯಲ್ಲಿದ್ದ ನಮ್ಮ ಮನೆಗೆ ಬಂದರೆ ಜಗುಲಿಯಲ್ಲಿ ನೆಂಟರು ಕೂತಿದ್ದರು. ಅಜ್ಜನ ತಮ್ಮ ಆ ಬೆಳಗ್ಗೆ ತೀರಿಕೊಂಡಿದ್ದರು. ದೇವಸ್ಥಾನದ ಅರ್ಚನೆ ಮಾಡಿಕೊಂಡಿದ್ದ, ಮಕ್ಕಳಿಲ್ಲದ ಮುದುಕ. ನಾನು ಅವರೊಡನೆ ಹತ್ತು ಮಾತು ಆಡಿರಲಿಕ್ಕಿಲ್ಲ. ಆದರೆ ತಂದೆಗೆ ಮೈ ಸರಿಯಿರಲಿಲ್ಲ, ಮುಂದಿನ ಗಂಡಸು ನಾನು. ಕ್ರಿಯೆಗೆ ನಾನೇ ಕೂರಬೇಕಾಯಿತು. ಕರ್ಮಕ್ಕೆ ಕೂತವನು ಹದಿಮೂರು ದಿನ ಹೊಸ್ತಿಲು ದಾಟುವುದಿಲ್ಲ. ಬೇರೆ ಮನೆಗಳಲ್ಲಿ ಆಗಲೇ ಸಡಿಲವಾಗಿತ್ತು, ನಮ್ಮಲ್ಲಿ ಇರಲಿಲ್ಲ.

ಮನೆಯಿಂದ ಲ್ಯಾಬಿಗೆ ಅರ್ಧ ಗಂಟೆಯ ನಡಿಗೆ. ಹದಿಮೂರು ದಿನದಲ್ಲಿ ಒಂದು ಚೀಟಿ ಬರೆದು ಯಾರ ಕೈಯಲ್ಲಾದರೂ ಕಳಿಸಬಹುದಿತ್ತು. ಸೂತಕ ನನಗೆ ಹೊಸ್ತಿಲಿಗೆ ಅಡ್ಡ ಬಂದದ್ದೇ ಹೊರತು ಪೆನ್ನಿಗಲ್ಲ. ತೋಚಲಿಲ್ಲ, ಅಷ್ಟೆ. ಬೇರೆಯವರ ತಪ್ಪು ನನಗೆ ಚೆನ್ನಾಗಿ ತೋಚುತ್ತದೆ.

ಹದಿನಾಲ್ಕನೆಯ ದಿನ ಬೋಳು ತಲೆಯಲ್ಲಿ ಲ್ಯಾಬಿಗೆ ಹೋದೆ. ಮೇಜಿನ ಉದ್ದಕ್ಕೂ ಟ್ರೇಗಳು ಸಾಲಾಗಿದ್ದವು. ಪ್ರತಿಯೊಂದರಲ್ಲಿ ತೊಳೆದು ಒಣಗಿಸಿದ ಕಲ್ಲು, ಜಲ್ಲಿ, ಮರಳು, ಪಕ್ಕದಲ್ಲಿ ನಂಬರಿನ ಚೀಟಿ. ಕಲ್ಲುಗಳು ಮಿರಿಮಿರಿ ಮಿಂಚುತ್ತಿದ್ದವು. ಹಿಟ್ಟಿನ ಒಂದು ಕಣವೂ ಇರಲಿಲ್ಲ. ಅಟೆಂಡರ್ ಕೈ ಒರೆಸಿಕೊಳ್ಳುತ್ತ ಬಂದು ನಿಂತರು.

"ನಿಮಗೆ ಕೆಲಸ ಹಗುರ ಆಗಲಿ ಅಂತ ಎಲ್ಲ ಮಾಡಿ ಇಟ್ಟಿದ್ದೇನೆ ಸಾರ್. ಇನ್ನು ಜರಡಿಗೆ ಹಾಕಿದ್ರೆ ಆಯ್ತು."

"ಎಂತ ಮಾರಾಯ ಮಾಡಿದ್ದು ನೀನು!" ಎಂದು ಕಿರುಚಿದೆ. ಅಷ್ಟು ವರ್ಷದಲ್ಲಿ ಅವರನ್ನು ನಾನು ನೀನು ಎಂದದ್ದು ಅದೇ ಮೊದಲು. "ಯಾರು ತೊಳೀಲಿಕ್ಕೆ ಹೇಳಿದ್ದು? ಮಣ್ಣೇ ನನಗೆ ಬೇಕಾದ್ದು! ಈ ಕಲ್ಲು ತಗೊಂಡು ನಾನು ಎಂತ ಮಾಡ್ಲಿ?"

ಅವರ ಮುಖ ಸಪ್ಪಗಾಯಿತು. "ನೀವೇ ಅಲ್ಲವಾ ಸಾರ್ ಕಲಿಸಿದ್ದು… ಆದ್ರೆ ಆ ನೀರು ಉಂಟಲ್ಲ, ಅದು ಸುಮಾರು ದಿನ ಆದ್ರೂ…"

"ನೀರಿನ ಮಾತು ಎತ್ತಬೇಡ! ಹೋಗು ಹೊರಗೆ."

ಅವರು ಹೋದರು. ಆ ವಾರದಲ್ಲಿ ಇನ್ನೂ ಎರಡು ಸಲ ಬಾಗಿಲ ಹತ್ತಿರ ಬಂದು ನಿಂತದ್ದು ನನಗೆ ಗೊತ್ತು. ನಾನು ತಲೆ ಎತ್ತಲಿಲ್ಲ.

ಉತ್ತರದ ಸಂಸ್ಥೆಯಿಂದ ಕಾಗದ ಬಂದಿತ್ತು. ಮೊರೇನಿನ ವಿಶ್ಲೇಷಣೆ ವರ್ಷದ ಕೊನೆಯೊಳಗೆ ಕೈಸೇರಬೇಕು ಎಂದು ಬರೆದಿದ್ದರು. ಮುಖ್ಯಸ್ಥರು ನನ್ನನ್ನು ಕರೆದರು. ಊರಲ್ಲಿ ಗದ್ದೆ ತೋಟ ಇದ್ದ, ತಮ್ಮಂದಿರು ಹೋಟೆಲು ನಡೆಸುತ್ತಿದ್ದ ಮನೆಯವರು. ಯಾವ ಕಷ್ಟವನ್ನೂ ಒಂದು ಲೋಟ ಕಾಫಿ ಮುಗಿಯುವುದರೊಳಗೆ ಬಗೆಹರಿಸುವ ಸ್ವಭಾವ.

"ನೋಡಿ ಮಾರಾಯ್ರೆ, ಎರಡು ದಾರಿ ಉಂಟು," ಎಂದರು. "ಬೇರೆ ಹಿಮನದಿಗಳ ಬಗ್ಗೆ ಪೇಪರ್‌ಗಳು ಉಂಟಲ್ಲ, ಅದರ ಅಂದಾಜಿನಲ್ಲಿ ನಿಮ್ಮ ಹಿಟ್ಟಿನ ಲೆಕ್ಕ ತುಂಬಿಸಿ. ಅಲ್ಲಿಗೆ ಹೋಗಿ ಯಾರು ಅಗೆದು ನೋಡ್ತಾರೆ?"

"ಅದು ಆಗುವುದಿಲ್ಲ ಸಾರ್. ಅಳೆಯದ ಅಂಕಿ ನಾನು ಬರೆಯುವುದಿಲ್ಲ."

ಹೇಳುವಾಗ ನನ್ನ ಎದೆ ಉಬ್ಬಿತ್ತು. ಇಂದಿಗೂ ಆ ವಾಕ್ಯದಲ್ಲಿ ತಪ್ಪೇನೂ ಕಾಣುವುದಿಲ್ಲ.

"ಒಳ್ಳೆಯದು. ಹಾಗಾದ್ರೆ ಇನ್ನೊಂದು ವರ್ಷ ಸಮಯ ಕೇಳ್ಬೇಕು. ಕೇಳ್ಬೇಕಾದ್ರೆ ಕಾರಣ ಬೇಕು. ಮಾದರಿ ಹಾಳಾದದ್ದು ನಿಮ್ಮಿಂದ ಅಂತ ಬರೆದ್ರೆ ನಿಮ್ಮ ಖಾಯಂ ಅಲ್ಲಿಗೇ ನಿಂತಿತು. ಬಾಯಲ್ಲಿ ಹೇಳಿದ್ದೆ, ಅಟೆಂಡರ್ ಕೇಳ್ಲಿಲ್ಲ ಅಂತ ನೀವು ಒಂದು ಲೆಟರ್ ಕೊಡಿ."

"ಅವರಿಗೆ ತೊಂದರೆ ಆಗುತ್ತದಲ್ಲ?"

"ಅವನು ಟೆಂಪರರಿ ಅಲ್ಲವಾ? ಹುದ್ದೆ ಕಡಿಮೆ ಮಾಡಿದ್ದಾರೆ ಅಂತ ಹೇಳಿದ್ರೆ ಮುಗೀತು. ಈ ಲೆಟರ್ ವಿಷಯ ಅವನಿಗೆ ಹೇಳ್ಲಿಕ್ಕಿಲ್ಲ."

ಕಾಫಿ ಮುಗಿಯುವುದರೊಳಗೆ ಬರೆದುಕೊಟ್ಟೆ. ಮಾದರಿಗಳನ್ನು ತೊಳೆಯಬಾರದೆಂದು ನಾನು ಸ್ಪಷ್ಟವಾಗಿ ಬಾಯಿಮಾತಿನಲ್ಲಿ ಸೂಚಿಸಿದ್ದೆ, ಅಟೆಂಡರ್ ಅದನ್ನು ಉಪೇಕ್ಷಿಸಿದರು ಎಂದು. ಕೆಳಗೆ ಸಹಿ, ತಾರೀಕು. ಕಲ್ಲಿನ ವಿಷಯದಲ್ಲಿ ಸುಳ್ಳು ಬರೆಯುವುದಿಲ್ಲ ಎಂದು ಹಟ ಹಿಡಿದವನು ಮನುಷ್ಯನ ವಿಷಯದಲ್ಲಿ ಬರೆದೆ. ಅಟೆಂಡರ್ ನಿಜವಾಗಿಯೂ ತಪ್ಪು ಮಾಡಿದ್ದಾರಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತ ಮನೆಗೆ ನಡೆದೆ.

ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ಬಿಡಿಸಿದರು. ಹೋಗುವ ದಿನ ಅವರು ನನ್ನ ಮೇಜಿನ ಹತ್ತಿರ ಬಂದರು. ಹುದ್ದೆ ಕಡಿತವಾಯಿತು ಎಂದೇ ಅವರು ನಂಬಿದ್ದರು. "ಬಡವರದ್ದೇ ಮೊದಲು ತೆಗೆಯುವುದಲ್ಲವಾ ಸಾರ್," ಎಂದು ನಕ್ಕರು. ಆಮೇಲೆ ಜೇಬಿನಿಂದ ಒಂದು ಕೀಲಿಕೈ ತೆಗೆದು ಇಟ್ಟರು. "ಇದು ಹಿಂದಿನ ಸ್ಟೋರ್ ರೂಮಿಂದು. ನಿಮಗೆ ಪುರ್ಸೊತ್ತಾದಾಗ ಒಮ್ಮೆ ನೋಡಿ."

ಕೀಲಿಕೈಯನ್ನು ಡ್ರಾಯರಿಗೆ ಹಾಕಿ ಮರೆತೆ. ಮುಖ ನೋಡಿ ಮಾತಾಡಲು ನನಗೆ ಧೈರ್ಯವಿರಲಿಲ್ಲ, ಆ ಕೋಣೆಯಲ್ಲಿ ಏನಿದೆ ಎಂದು ಕೇಳುವ ಮನಸ್ಸು ಎಲ್ಲಿಂದ ಬರಬೇಕು?

ವಾರ ಕಳೆದ ಮೇಲೆ ಖಾಲಿ ಟ್ರೇ ಬೇಕಾಗಿ ಆ ಕೋಣೆಯ ಬೀಗ ತೆಗೆದೆ. ಗೋಡೆಯ ಉದ್ದಕ್ಕೂ, ಮೂರು ಸಾಲು, ಆಸಿಡ್ ಬರುವ ಕಂದು ಬಣ್ಣದ ದೊಡ್ಡ ಬಾಟಲಿಗಳು ನಿಂತಿದ್ದವು. ರಸಾಯನ ವಿಭಾಗದವರು ಗುಜರಿಗೆ ಹಾಕಲು ಇಟ್ಟಿದ್ದವನ್ನು ಅವರು ಕೇಳಿ ತಂದಿರಬೇಕು. ಎಣಿಸಿದೆ, ತೊಂಬತ್ತಮೂರು, ಒಂದೊಂದು ಚೀಲಕ್ಕೆ ಮೂರರಂತೆ. ಪ್ರತಿಯೊಂದರ ಕುತ್ತಿಗೆಗೆ ದಾರದಲ್ಲಿ ರಟ್ಟಿನ ಚೂರು, ಅದರ ಮೇಲೆ ಚೀಲದ ನಂಬರ್. ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದೆ. ತಳದಲ್ಲಿ ಎರಡು ಬೆರಳು ಬೂದು ಪದರ, ಮೇಲೆ ಇನ್ನೂ ತಿಳಿಯಾಗದ ಹಾಲಿನಂಥ ನೀರು.

ಐದು ಚೀಲಗಳ ನಂಬರ್ ಮಾತ್ರ ಅಲ್ಲಿರಲಿಲ್ಲ. ಆಗ ಅರ್ಥವಾಯಿತು. ಮೊದಲ ಕೆಲವು ಚೀಲದ ನೀರನ್ನು ಅವರು ಅಭ್ಯಾಸದಂತೆ ಚೆಲ್ಲಿದ್ದರು. ಆದರೆ ನಾಲ್ಕು ಸಲವಲ್ಲ, ಹತ್ತು ಸಲ ತೊಳೆದರೂ ನೀರು ಬೆಳ್ಳಗೇ ಇತ್ತು, ದಿನಗಟ್ಟಲೆ ಇಟ್ಟರೂ ಕೂರಲಿಲ್ಲ. ಕೆಸರಿನಲ್ಲಿಯೇ ಹುಟ್ಟಿ ಬೆಳೆದ ಮನುಷ್ಯನಿಗೆ ಇದು ತಾನು ಕಂಡ ಕೆಸರಲ್ಲ ಎಂದು ಗೊತ್ತಾಗಿತ್ತು. ನನ್ನನ್ನು ಕೇಳದೆ ಚೆಲ್ಲುವುದು ಬೇಡ ಎಂದು ಉಳಿದ ಎಲ್ಲವನ್ನೂ ತುಂಬಿಸಿಟ್ಟಿದ್ದರು. ಐದು ಚೀಲದ ಹಿಟ್ಟು ಹೋಗಿತ್ತು. ಮೂವತ್ತೊಂದು ಉಳಿದಿತ್ತು. ಇದನ್ನೇ ಹೇಳಲು ಅವರು ಮೂರು ಸಲ ನನ್ನ ಹತ್ತಿರ ಬಂದಿದ್ದರು. ನಾನು ಸಿಮೆಂಟಿನ ನೆಲದ ಮೇಲೆ ಕೂತುಬಿಟ್ಟೆ. ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಂತೋಷ. ಇದನ್ನೂ ಬರೆಯದಿದ್ದರೆ ಉಳಿದದ್ದು ಬರೆದು ಪ್ರಯೋಜನವಿಲ್ಲ.

ಅದು ತಾನಾಗಿ ತಳಕ್ಕೆ ಕೂರಲು ಇನ್ನೂ ಎಷ್ಟು ದಿನವೋ ಎಂದು ಸ್ವಲ್ಪ ಉಪ್ಪು ಹಾಕಿದೆ. ಹಿಟ್ಟು ಗಂಟಾಗಿ ಇಳಿಯಿತು. ಮೇಲಿನ ನೀರು ತೆಗೆದು, ಉಪ್ಪು ಹೋಗುವಂತೆ ತೊಳೆದು, ಲ್ಯಾಬಿನ ಕರೆಂಟಿನ ಒಲೆಯಲ್ಲಿ ಒಣಗಿಸಿ ತೂಗಿದೆ. ಮಂಗಳೂರಿನ ಗಾಳಿಯಲ್ಲಿ ಒಣಗಿದ್ದು ಒಣಗಿದ ಹಾಗೇ ಇರುವುದಿಲ್ಲ. ತಕ್ಕಡಿಯ ಮೇಲೆ ಇಟ್ಟಂತೆಯೇ ತೇವ ಕುಡಿದು ಭಾರವಾಗುತ್ತದೆ. ಬಿಗಿ ಮುಚ್ಚಳದ ಪಾತ್ರೆಯಲ್ಲಿ ತಣಿಸಿ, ಒಂದೊಂದನ್ನೇ ತೆಗೆದು, ಉಸಿರು ಬಿಗಿಹಿಡಿದು ತೂಗಬೇಕು. ನಡುವೆ ಕರೆಂಟು ಹೋದರೆ ಇಡೀ ಒಲೆಯ ಕೆಲಸ ಮೊದಲಿನಿಂದ. ಆ ಚಳಿಗಾಲ ದಿನಕ್ಕೆರಡು ಸಲ ಕರೆಂಟು ಹೋಗುತ್ತಿತ್ತು. ಆಮೇಲೆ ಹಿಟ್ಟಿನ ಒಂದು ಪಾಲನ್ನು ಉದ್ದನೆಯ ಗಾಜಿನ ಕೊಳವೆಯ ನೀರಿನಲ್ಲಿ ಕಲಕಿ, ಗಡಿಯಾರ ನೋಡುತ್ತ, ನಿಗದಿಯಾದ ಹೊತ್ತಿಗೆ ನಿಗದಿಯಾದ ಆಳದಿಂದ ಪಿಪೆಟ್ಟಿನಲ್ಲಿ ಎಳೆಯಬೇಕು. ದಪ್ಪ ಕಣ ಮೊದಲು ಕೂರುತ್ತದೆ, ನುಣ್ಣನೆಯದು ತಡವಾಗಿ. ಕೊನೆಯ ಎಳೆತಕ್ಕೆ ಎಂಟು ಗಂಟೆ ಕಾಯಬೇಕಿತ್ತು. ಬಾಟಲಿ ತೊಳೆಯಲು, ನಂಬರ್ ಕೂಗಲು ಜೊತೆಗೆ ಯಾರೂ ಇರಲಿಲ್ಲ. ಹೊಸ ಅಟೆಂಡರನ್ನು ತೆಗೆದುಕೊಂಡಿರಲಿಲ್ಲ. ಹುದ್ದೆ ನಿಜವಾಗಿಯೂ ಕಡಿತವಾಗಿತ್ತು.

ನನ್ನ ಪ್ರಶ್ನೆಗೆ ಉತ್ತರ ಚೊಕ್ಕಟವಾಗಿ ಬಂತು. ಕಣಿವೆಯ ಬದಿಯ ದಿಬ್ಬದಲ್ಲಿ ಹಿಟ್ಟು ತೀರ ಕಡಿಮೆ, ಅದು ಬೆನ್ನ ಮೇಲೆ ಸವಾರಿ ಮಾಡಿ ಬಂದದ್ದು. ಕೊನೆಯ ದಿಬ್ಬದಲ್ಲಿ ಹಿಟ್ಟು ಅದರ ಎಷ್ಟೋ ಪಟ್ಟು, ಅದು ತಳದಲ್ಲಿ ಅರೆದುಕೊಂಡು ಬಂದದ್ದು. ಎರಡೂ ಒಂದೇ ಹಿಮನದಿಯವು.

ಅಂಕಿಗಳನ್ನು ಹಿಡಿದುಕೊಂಡು ಮುಖ್ಯಸ್ಥರಲ್ಲಿಗೆ ಹೋದೆ. ಆ ಲೆಟರ್ ವಾಪಸು ಬೇಕು ಎಂದೆ.

"ಈಗ ಎಂತ ಹೇಳುವುದು?" ಎಂದು ಅವರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಮಾದರಿ ಹಾಳಾಯ್ತು ಅಂತ ನೀವೇ ಬರೆದದ್ದು. ಈಗ ಹಾಳಾಗ್ಲಿಲ್ಲ ಅಂದ್ರೆ ನಿಮ್ಮ ಅಂಕಿಯನ್ನು ಯಾರು ನಂಬ್ತಾರೆ? ಸುಮ್ಮನೆ ಇರಿ. ಪ್ರಬಂಧ ಪಾಸಾಗ್ಲಿ. ಆಮೇಲೆ ನೋಡುವ."

ಹಟ ಹಿಡಿಯಬಹುದಿತ್ತು. ಅಂಕಿಗೆ ಹಿಡಿದ ಹಟದ ಅರ್ಧದಷ್ಟು ಸಾಕಿತ್ತು. ನಾನು "ಆಯ್ತು ಸಾರ್" ಎಂದು ಎದ್ದುಬಂದೆ.

ಪ್ರಬಂಧ ಪಾಸಾಯಿತು. ಮೌಖಿಕ ಪರೀಕ್ಷೆಗೆ ಬಂದ ಹಿರಿಯರೊಬ್ಬರು, ಇಂಥ ಮಾದರಿಗಳಲ್ಲಿ ತೊಳೆದ ನೀರನ್ನು ಬಹಳ ಜನ ಚೆಲ್ಲಿಬಿಡುತ್ತಾರೆ, ಇಲ್ಲಿ ಅದನ್ನು ಒಂದೊಂದಾಗಿ ಕಾಪಾಡಿದ ಎಚ್ಚರಿಕೆ ಮೆಚ್ಚತಕ್ಕದ್ದು ಎಂದರು. ನಾನು ತಲೆ ಬಾಗಿಸಿದೆ. ಕೃತಜ್ಞತೆಯ ಪುಟದಲ್ಲಿ ಮುಖ್ಯಸ್ಥರ ಹೆಸರಿತ್ತು, ಉತ್ತರದ ಸಂಸ್ಥೆಯ ಹೆಸರಿತ್ತು, ಹೇಸರಗತ್ತೆ ಹೊಡೆದವನ ಹೆಸರೂ ಇತ್ತು. ಅಟೆಂಡರ್ ಹೆಸರು ಹಾಕಿದರೆ ಯಾರಾದರೂ ಫೈಲು ತೆಗೆದು ನೋಡಿಯಾರು ಎಂಬ ಭಯ ನನಗೆ. ಆ ವರ್ಷವೇ ಖಾಯಂ ಆಯಿತು.

ಅವರನ್ನು ಮತ್ತೆ ಕಂಡದ್ದು ಎರಡು ವರ್ಷದ ಮೇಲೆ, ಕೂಳೂರು ಸೇತುವೆಯ ಹತ್ತಿರ. ವಿದ್ಯಾರ್ಥಿಗಳಿಗೆ ಹೊಳೆ ತೋರಿಸಲು ಕರೆದುಕೊಂಡು ಹೋಗಿದ್ದೆ. ದಡದಲ್ಲಿ ಮರಳಿನ ದೋಣಿ ಖಾಲಿ ಮಾಡುತ್ತಿದ್ದವರಲ್ಲಿ ಒಬ್ಬರು ಬುಟ್ಟಿ ಇಳಿಸಿ, ಮೈ ಒರೆಸಿಕೊಂಡು, ನಗುತ್ತ ಬಂದರು. ತಲೆ ಪೂರ್ತಿ ನರೆತಿತ್ತು.

"ಸಾರ್, ಆ ಸ್ಟೋರ್ ರೂಮ್ ನೋಡಿದ್ರಾ?"

"ನೋಡಿದೆ."

"ನೀರು ಕೊನೆಗೆ ತಿಳಿ ಆಯ್ತಾ?"

"ಆಯ್ತು. ಸ್ವಲ್ಪ ಉಪ್ಪು ಹಾಕಬೇಕಾಯ್ತು."

"ಹೌದಾ! ಉಪ್ಪಾ?" ಎಂದು ಅವರು ಹೊಳೆಯ ಕಡೆ ತಿರುಗಿ ನೋಡಿ, ಖುಷಿಯಲ್ಲಿ ತಲೆ ಆಡಿಸಿದರು. "ನನಗೆ ಆಗಲೇ ಸಂಶಯ ಇತ್ತು ಸಾರ್, ಅದು ನಮ್ಮ ಕೆಸರಿನ ಹಾಗೆ ಅಲ್ಲ ಅಂತ. ಮೊದಲಿನ ಐದು ಚೀಲದ್ದು ಚೆಲ್ಲಿಬಿಟ್ಟೆ, ಅದೊಂದು ಬೇಜಾರು ಉಂಟು. ನಿಮ್ಮ ಕೆಲಸಕ್ಕೆ ತೊಂದರೆ ಆಗ್ಲಿಲ್ಲ ಅಲ್ಲವಾ?"

"ಇಲ್ಲ," ಎಂದೆ. ಹೇಳಬೇಕಾದ್ದು ಬೇರೆ ಇತ್ತು. ಹುಡುಗರು ಸುತ್ತ ನಿಂತಿದ್ದರು. ಹುಡುಗರು ಇರದಿದ್ದರೆ ಹೇಳುತ್ತಿದ್ದೆ ಎಂದು ಈಗ ಹೇಳುವುದು ಸುಲಭ.

ಅವರು ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿದರು. "ಒಂದು ಉಪಕಾರ ಆಗ್ಬೇಕಿತ್ತು ಸಾರ್. ಕಾಲೇಜಲ್ಲಿ ಪುನಃ ಅಟೆಂಡರ್ ತಗೊಳ್ಳಿಕ್ಕುಂಟು ಅಂತ ಕೇಳಿದೆ. ಈ ಬುಟ್ಟಿ ಹೊರುವುದು ಇನ್ನು ನನ್ನಿಂದ ಆಗುವುದಿಲ್ಲ, ಸೊಂಟ ಹಿಡಿಯುತ್ತದೆ. ನನ್ನ ಕೆಲಸ ಹೇಗೆ ಅಂತ ನಿಮಗೆ ಗೊತ್ತುಂಟಲ್ಲ. ನೀವು ಒಂದು ಲೆಟರ್ ಬರೆದುಕೊಟ್ರೆ ಸಾಕು. ನಿಮ್ಮ ಲೆಟರಿಗೆ ಅಲ್ಲಿ ಬೆಲೆ ಉಂಟು."

"ಬರೀತೇನೆ," ಎಂದೆ.

ಅವರು ಕೈ ಮುಗಿದು ಬುಟ್ಟಿಯ ಕಡೆ ನಡೆದರು. ನಾನು ವಿದ್ಯಾರ್ಥಿಗಳಿಗೆ ಹೊಳೆ ಮರಳನ್ನು ಹೇಗೆ ವಿಂಗಡಿಸುತ್ತದೆ ಎಂದು ಹೇಳತೊಡಗಿದೆ.

ಆ ಪತ್ರವನ್ನು ಮೂರು ಸಲ ಬರೆಯಲು ಕೂತೆ. ಕಾಲೇಜಿನ ಗುಮಾಸ್ತರು ಅದನ್ನು ಅಟೆಂಡರ್ ಅವರ ಹಳೆಯ ಫೈಲಿನಲ್ಲಿ, ದಾರಕ್ಕೆ ಪೋಣಿಸಿ, ನನ್ನ ಮೊದಲ ಪತ್ರದ ಮೇಲೆಯೇ ಇಡುತ್ತಾರೆ. ತೆರೆದವರಿಗೆ ಒಂದೇ ಕೈಬರಹದ ಎರಡು ಪತ್ರ ಒಟ್ಟಿಗೆ ಕಾಣುತ್ತವೆ. ಮೂರು ಸಲವೂ ಹಾಳೆಯನ್ನು ಮಡಚಿ ಡ್ರಾಯರಿನಲ್ಲಿ, ಆ ಕೀಲಿಕೈಯ ಪಕ್ಕದಲ್ಲಿ ಇಟ್ಟೆ. ಹುದ್ದೆ ಬೇರೆಯವರಿಗೆ ಹೋಯಿತು.